ಗೋಷ್ಠಿಗೂ ಗೊರಿಲ್ಲಾಗೂ ನಡುವೆ

ಸಾಹಿತ್ಯ ಸಮ್ಮೇಳನಕ್ಕೆ ಹೊರಟವರ ಬಳಿ ಎರಡು ಕಾರ್ಯಕ್ರಮ ಪಟ್ಟಿಗಳಿರುತ್ತವೆ. ಒಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದದ್ದು: ಧ್ವಜಾರೋಹಣ, ಅಧ್ಯಕ್ಷರ ಮೆರವಣಿಗೆ, ಉದ್ಘಾಟನೆ, ಗೋಷ್ಠಿ ಒಂದು, ಗೋಷ್ಠಿ ಎರಡು, ಕವಿಗೋಷ್ಠಿ, ಬಹಿರಂಗ ಅಧಿವೇಶನ. ಇನ್ನೊಂದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ರೈಲು ಊರು ಬಿಟ್ಟು, ಬುತ್ತಿಯ ಗಂಟು ಬಿಚ್ಚಿ, ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುವ ಹೊತ್ತಿಗೆ ಅದು ತಾನಾಗಿ ಸಿದ್ಧವಾಗುತ್ತದೆ. ಮೊದಲ ದಿನ ಮಧ್ಯಾಹ್ನ ಎಲ್ಲಿಗೆ, ಎರಡನೆಯ ದಿನ ಬೆಳಿಗ್ಗೆ ಎಲ್ಲಿಗೆ, ಮೂರನೆಯ ದಿನ ಮನೆಯವರಿಗೆ ಏನು ಕೊಳ್ಳುವುದು, ಎಲ್ಲ ಇತ್ಯರ್ಥವಾಗುತ್ತದೆ. ಅಚ್ಚಾದ ಪಟ್ಟಿಯಲ್ಲಿ ಹಿಂದುಮುಂದಾಗುವುದುಂಟು. ಅಚ್ಚಾಗದ ಪಟ್ಟಿ ಮಾತ್ರ ನಿಮಿಷ ತಪ್ಪದೆ ನಡೆಯುತ್ತದೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು. ಕನ್ನಡದ ಮಾಸ್ತರ ಸಮ್ಮೇಳನಕ್ಕೆ ಹೋಗುವುದು ಸಹಜ. ಆದರೆ ನನ್ನ ಜೊತೆ ಗಣಿತದ ಸರ್ ಬರುತ್ತಿದ್ದರು, ಪಿ.ಟಿ. ಸರ್ ಬರುತ್ತಿದ್ದರು, ಹಿಂದಿ ಟೀಚರ್ ತಮ್ಮ ಯಜಮಾನರನ್ನೂ ಕರೆದುಕೊಂಡು ಬರುತ್ತಿದ್ದರು. ಕನ್ನಡ ನಾಡಿನಲ್ಲಿ ಸಾಹಿತ್ಯ ಪ್ರೀತಿ ಇಷ್ಟು ವ್ಯಾಪಕವಾಗಿರುವುದಕ್ಕೆ ಓಓಡಿಯ ಕಾಣಿಕೆ ಎಷ್ಟೆಂಬುದನ್ನು ಯಾರಾದರೂ ಸಂಶೋಧಿಸಬೇಕು. ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡ ಸರ್ಕಾರಿ ನೌಕರನಿಗೆ ಆ ದಿನಗಳನ್ನು ರಜೆಯೆಂದು ಹಿಡಿಯದೆ ಕರ್ತವ್ಯವೆಂದೇ ಪರಿಗಣಿಸುವ ಸೌಲಭ್ಯವದು. ನೋಂದಣಿ ಶುಲ್ಕ ಕಟ್ಟಿದರೆ ಒಂದು ಬ್ಯಾಗು, ಒಂದು ಪೆನ್ನು, ಬರೆದುಕೊಳ್ಳಲು ಪುಟ್ಟ ಪುಸ್ತಕ, ಕೊರಳಿಗೆ ಬ್ಯಾಡ್ಜು, ಊಟದ ಕೂಪನ್ನು, ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ ಹಾಜರಾತಿ ಪ್ರಮಾಣಪತ್ರ. ಆ ಪತ್ರ ಕೈಗೆ ಬರುವ ತನಕ ಸಾಹಿತ್ಯ ಪ್ರೀತಿ ಎಷ್ಟು ತೀವ್ರವಾಗಿರುತ್ತದೆಂದರೆ, ನೋಂದಣಿ ಕೌಂಟರಿನ ಮುಂದೆ ಪಿ.ಟಿ. ಸರ್ ಸಾಲು ಸರಿಪಡಿಸಲು ಸೀಟಿ ಊದಿದ್ದೂ ಇದೆ.

ನಮ್ಮ ತಂಡದ ನಾಯಕತ್ವ ಗಣಿತದ ಸರ್ ಅವರದು. ಸಮ್ಮೇಳನದವರು ಕೊಟ್ಟ ಪುಟ್ಟ ಪುಸ್ತಕಗಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವುಗಳಲ್ಲಿ ಒಬ್ಬ ಭಾಷಣಕಾರರ ಒಂದು ಮಾತೂ ಇರಲಿಲ್ಲ. ಇದ್ದದ್ದು ಈ ನಾಡಿನ ಮೃಗಾಲಯ, ಸಸ್ಯತೋಟ, ಮ್ಯೂಸಿಯಮ್ಮು, ಅಣೆಕಟ್ಟುಗಳ ಬಾಗಿಲು ತೆರೆಯುವ ವೇಳೆ, ಮುಚ್ಚುವ ವೇಳೆ, ವಾರದ ರಜೆ, ದೊಡ್ಡವರಿಗೆ ಎಷ್ಟು, ಕ್ಯಾಮೆರಾಕ್ಕೆ ಎಷ್ಟು ಎಂಬ ವಿವರ. ‘ಮೈಸೂರು ಝೂ, ಮಂಗಳವಾರ ಬಂದ್. ಬನ್ನೇರುಘಟ್ಟ, ಮಂಗಳವಾರ ಬಂದ್. ಲಾಲ್‌ಬಾಗ್, ಬಂದ್ ಇಲ್ಲ.’ ಸಮ್ಮೇಳನದ ದಿನಾಂಕ ಪ್ರಕಟವಾದ ಕೂಡಲೇ ಅವರು ಕ್ಯಾಲೆಂಡರ್ ತೆಗೆದು ನೋಡುತ್ತಿದ್ದದ್ದು ಅಧ್ಯಕ್ಷರು ಯಾರೆಂದಲ್ಲ, ನಡುವೆ ಮಂಗಳವಾರ ಬರುತ್ತದೆಯೋ ಎಂದು.

ಇದನ್ನು ಕೇಳಿ ನಮ್ಮನ್ನು ಹಗುರವಾಗಿ ಕಾಣುವವರು ಡಾಕ್ಟರುಗಳ ಸಮ್ಮೇಳನವನ್ನು ಒಮ್ಮೆ ನೋಡಬೇಕು. ನನ್ನ ಸೋದರಮಾವನ ಮಗನೊಬ್ಬ ಡಾಕ್ಟರು. ಅವನ ಸಮ್ಮೇಳನಗಳ ಹೊಳಪು ಕಾಗದದ ಆಹ್ವಾನದಲ್ಲಿ ‘ಜೊತೆಗೆ ಬಂದ ಕುಟುಂಬದವರಿಗಾಗಿ ನಗರ ದರ್ಶನ’ ಎಂದು ರಾಜಾರೋಷವಾಗಿ ಅಚ್ಚಾಗಿರುತ್ತದೆ. ಏರ್‌ಕಂಡೀಷನ್ ಬಸ್ಸು, ಮೈಕು ಹಿಡಿದ ಗೈಡು, ಡಬ್ಬಿಯಲ್ಲಿ ಕಟ್ಟಿದ ಊಟ, ಬಿಸಿಲಿಗೊಂದು ಟೊಪ್ಪಿಗೆ. ಹೆಂಡತಿ ಮಕ್ಕಳು ಝೂದಲ್ಲಿ ಜಿರಾಫೆ ನೋಡುವಾಗ ಡಾಕ್ಟರರು ಒಳಗೆ ಕತ್ತಲೆ ಕೋಣೆಯಲ್ಲಿ ಕೂತು ಪರದೆಯ ಮೇಲೆ ಯಾರದೋ ಪಿತ್ತಕೋಶ ನೋಡುತ್ತಿರುತ್ತಾರೆ. ಎರಡನೆಯ ದಿನ ಆ ಬಸ್ಸಿನಲ್ಲಿ ಡಾಕ್ಟರರೂ ಇರುತ್ತಾರೆಂದು ನನ್ನ ಮಾವನ ಮಗನೇ ಹೇಳಿದ್ದಾನೆ. ಅವರದು ಅಧಿಕೃತ, ನಮ್ಮದು ಅನಧಿಕೃತ. ಜಿರಾಫೆ ಒಂದೇ.

ಹಾಗೆ ನೋಡಿದರೆ ಬಂದ ಅತಿಥಿಯನ್ನು ತೋಟಕ್ಕೆ ಕರೆದುಕೊಂಡು ಹೋಗುವುದು ಈ ರಾಜ್ಯದ ಹಳೆಯ ಪದ್ಧತಿ. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು ಇಂಗ್ಲೆಂಡಿನಿಂದ ಪ್ರವಾಸ ಬಂದಿದ್ದ ರಾಜಕುಮಾರ ಆಲ್ಬರ್ಟ್ ವಿಕ್ಟರ್. 1961ರಲ್ಲಿ ಬಂದ ಎಲಿಜಬೆತ್ ರಾಣಿಯ ಕೈಯಲ್ಲಿ ಅಲ್ಲೊಂದು ಸಸಿ ನೆಡಿಸಿದರು. ರಾಣಿ ಬಂದಾಗ ಇದಕ್ಕೆ ರಾಜತಾಂತ್ರಿಕ ಭೇಟಿ ಅನ್ನುತ್ತಾರೆ. ಹಾವೇರಿಯಿಂದ ಪಿ.ಟಿ. ಸರ್ ಬಂದರೆ ಗೋಷ್ಠಿ ತಪ್ಪಿಸಿದರು ಅನ್ನುತ್ತಾರೆ.

2011ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ 77ನೆಯ ಸಮ್ಮೇಳನ. ಜಾಗ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನ. ಸ್ಥಳ ಗೊತ್ತಾದಾಗ ಗಣಿತದ ಸರ್ ಸಂತೋಷದಿಂದ ಕೈ ಉಜ್ಜಿಕೊಂಡರು. ಮೈದಾನದಿಂದ ಲಾಲ್‌ಬಾಗಿನ ಪಶ್ಚಿಮ ದ್ವಾರಕ್ಕೆ ನಡೆದೇ ಹೋಗಬಹುದು, ಆಟೋ ಖರ್ಚು ಕೂಡ ಇಲ್ಲ. ‘ಜಾಗಾ ಆರಿಸಿದವರು ಸಾಹಿತಿಗಳ ಇರ್ಬೇಕ್ರೀ’ ಎಂದು ಅವರು ಸಾಹಿತಿಗಳನ್ನು ಹೊಗಳಿದ್ದು ಅದೇ ಮೊದಲು.

ಅಧ್ಯಕ್ಷರು ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು, ಆಗ ಅವರಿಗೆ 97 ವರ್ಷ. ತೊಂಬತ್ತೇಳರ ಹಿರಿಯರು ವೇದಿಕೆಯ ಮೇಲೆ ಇರುವಾಗ ನಲವತ್ತು ದಾಟಿದ ನಾವು ಬೆನ್ನು ನೋವೆಂದು ಎದ್ದು ಬರುವುದು ಚೆನ್ನಾಗಿರುವುದಿಲ್ಲ. ಆದ್ದರಿಂದ ಅಧ್ಯಕ್ಷರ ಭಾಷಣ ಪೂರ್ತಿ ಕೇಳಿ ಆಮೇಲೆ ಎದ್ದೆವು. ಬಾಗಿಲಲ್ಲಿ ನೋಡಿದರೆ ನಮ್ಮ ಹಾಗೆಯೇ ಹೆಗಲಿಗೆ ಒಂದೇ ಬಣ್ಣದ ಬ್ಯಾಗು ತೂಗಿಸಿಕೊಂಡವರು ಬೀದರ್, ವಿಜಯಪುರ, ಕಾರವಾರ, ಕೋಲಾರದ ಮಾತುಗಳಾಡುತ್ತ ಅದೇ ದಿಕ್ಕಿಗೆ ನಡೆಯುತ್ತಿದ್ದರು. ಅಖಂಡ ಕರ್ನಾಟಕವೇ ಲಾಲ್‌ಬಾಗಿಗೆ ಹೊರಟಿತ್ತು.

ಜನವರಿ 26ರ ಫಲಪುಷ್ಪ ಪ್ರದರ್ಶನ ಮುಗಿದು ಕೆಲವು ದಿನ ಕಳೆದಿತ್ತು. ಗಾಜಿನ ಮನೆಯಲ್ಲಿ ಹೂವೂ ಇರಲಿಲ್ಲ, ನೂಕುನುಗ್ಗಲೂ ಇರಲಿಲ್ಲ. ಖಾಲಿ ಮನೆಯ ಕಬ್ಬಿಣದ ಕಂಬ ಕಮಾನುಗಳನ್ನು ನೋಡುತ್ತ ನಿಂತ ಹಿಂದಿ ಟೀಚರ್, ‘ಇಷ್ಟ್ ದೊಡ್ಡ ಮನಿ, ಕಸಾ ಹೊಡಿಯೋರು ಯಾರು?’ ಎಂದು ಕೇಳಿದರು. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಟಿಪ್ಪು ಬೆಳೆಸಿದ್ದು, ಈಗ 240 ಎಕರೆ ಎಂದೆಲ್ಲ ನಾನು ವಿವರಿಸುತ್ತಿದ್ದೆ. ಎಕರೆ ಲೆಕ್ಕ ಬಂದಾಗ ಪಿ.ಟಿ. ಸರ್ ಕಿವಿ ನಿಮಿರಿಸಿದರು. ನಮ್ಮ ಕಡೆ ಎಕರೆಗೆ ಹತ್ತಿ ಎಷ್ಟು, ಗೋವಿನಜೋಳ ಎಷ್ಟು ಎಂಬ ಮಾತಿಗೆ ಹೊರಳಿಕೊಂಡ ಸಂಭಾಷಣೆ ಮತ್ತೆ ಹೈದರಾಲಿಯ ಕಡೆ ಬರಲೇ ಇಲ್ಲ.

ಆ ತೋಟದಲ್ಲಿ ಹಿಂದೆ ಒಂದು ಮೃಗಶಾಲೆಯೂ ಇತ್ತೆಂಬುದು ನನಗೆ ಪ್ರಿಯವಾದ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಲಾಲ್‌ಬಾಗಿಗೆ ಹೋದವರು ಗುಲಾಬಿ ನೋಡಿ, ಅಲ್ಲೇ ಹುಲಿಯನ್ನೂ ನೋಡಿ ಮನೆಗೆ ಬರಬಹುದಿತ್ತು. ಈಗ ಪಾರಿವಾಳದ ಮನೆ ಉಳಿದಿದೆ. ಹುಲಿಯಿದ್ದ ತೋಟದಲ್ಲಿ ನಾವು ಕಂಡ ಅತಿ ಗಾಬರಿಯ ಪ್ರಾಣಿಗಳೆಂದರೆ ಮರದ ಬುಡದಲ್ಲಿ ಒತ್ತಿ ಕೂತಿದ್ದ ಕಾಲೇಜು ಜೋಡಿಗಳು. ಇಪ್ಪತ್ತು ವರ್ಷದ ಅಭ್ಯಾಸಬಲದಿಂದ ಪಿ.ಟಿ. ಸರ್ ಒಂದು ಜೋಡಿಗೆ ‘ಏಯ್, ಯಾವ ಕ್ಲಾಸು?’ ಎಂದು ಗದರಿಸಿಬಿಟ್ಟರು. ಹುಡುಗ ಎದ್ದು ನಿಂತು, ‘ಸಿಕ್ಸ್ತ್ ಸೆಮ್ ಸರ್’ ಎಂದ. ಸರ್‌ಗೂ ಮುಂದೇನು ಹೇಳಬೇಕೋ ತಿಳಿಯಲಿಲ್ಲ. ‘ಕುಂದರ್ರಿ, ಕುಂದರ್ರಿ’ ಎಂದು ಬಂದರು.

ಸಂಜೆ ಕೆಂಪೇಗೌಡರ ಗೋಪುರದ ಬಂಡೆ ಹತ್ತಿ ಕೂತೆವು. ಆ ಬಂಡೆಗೆ ಸುಮಾರು 300 ಕೋಟಿ ವರ್ಷವೆಂದು ಫಲಕದಲ್ಲಿ ಬರೆದಿದೆ. ಗಣಿತದ ಸರ್ ಸೊನ್ನೆಗಳನ್ನು ಮನಸ್ಸಿನಲ್ಲೇ ಎಣಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಸರ, ಇದರ ಮುಂದ ನಮ್ಮ ಇಪ್ಪತ್ತೆಂಟು ವರ್ಷ ಸರ್ವೀಸ್ ಅಂದ್ರ ಏನೂ ಅಲ್ಲ ಬಿಡ್ರಿ’ ಎಂದರು. ಕೆಳಗೆ ಊರಿನ ದೀಪಗಳು ಹತ್ತುತ್ತಿದ್ದವು. ಆ ಬಂಡೆಯ ಮೇಲೆ ನಾವು ಪಿಂಚಣಿಯ ಬಗ್ಗೆ ಮಾತಾಡಿದೆವು, ಹಿಂದಿ ಟೀಚರ ಮಗಳಿಗೆ ಬಂದ ಸಂಬಂಧದ ಬಗ್ಗೆ ಮಾತಾಡಿದೆವು, ಪಿ.ಟಿ. ಸರ್ ತಮ್ಮ ಅಪ್ಪನ ಸಾಲದ ಬಗ್ಗೆ ಯಾರಿಗೂ ಹೇಳದಿದ್ದನ್ನು ಹೇಳಿದರು. ಹನ್ನೊಂದು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಎದುರುಬದುರು ಕೂತವರು ನಾವು. ಅಲ್ಲಿ ಗಂಟೆ ಹೊಡೆಯುತ್ತದೆ, ಬಿಸಿಯೂಟದ ಲೆಕ್ಕ ಬರುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಇನ್ನೊಬ್ಬರ ಸಂಸಾರ ನಮಗೆ ಪೂರ್ತಿ ಗೊತ್ತಾಗಲು ಸರ್ಕಾರಿ ಆದೇಶವೊಂದು ಬೇಕಾಯಿತು.

ಮೈಸೂರಿನ ಮೃಗಾಲಯಕ್ಕೂ ಲಾಲ್‌ಬಾಗಿಗೂ ಒಂದು ನಂಟಿದೆ. ಜರ್ಮನಿಯಿಂದ ಬಂದು 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಕೃಂಬಿಗಲ್ ಸಾಹೇಬರ ಕೈ ಮೈಸೂರಿನ ಮೃಗಾಲಯದ ತೋಟ ವಿನ್ಯಾಸದಲ್ಲೂ ಇದೆ. ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಜಾತಿಯ ಮರ ಅರಳಬೇಕೆಂದು ಲೆಕ್ಕ ಹಾಕಿ ಬೆಂಗಳೂರಿನ ಬೀದಿಗಳಲ್ಲಿ ಗಿಡ ಹಾಕಿಸಿದವರು ಅವರು. ಮೈಸೂರಿನಲ್ಲೂ ಪಂಜರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಮರ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಹತ್ತು ಎಕರೆಯಲ್ಲಿ ಶುರು ಮಾಡಿದ ಈ ಝೂ ಈಗ 157 ಎಕರೆ. ಸುತ್ತು ಹಾಕಿ ಹೊರಗೆ ಬರುವಷ್ಟರಲ್ಲಿ ಮೂರು ಕಿಲೋಮೀಟರಿನಷ್ಟು ನಡೆದಿರುತ್ತೇವೆ. ಅರ್ಧ ದಾರಿಯಲ್ಲಿ ಹಿಂದೆ ಬರುವುದಕ್ಕೂ ಆಗದು, ಮುಂದೆ ಹೋಗುವುದಕ್ಕೂ ಕಾಲು ಬಾರದು.

ಅಲ್ಲಿಗೆ ನಾನೂ ಗಣಿತದ ಸರ್ ಅವರೂ ಮೊದಲು ಹೋಗಿದ್ದು ಸಾಹಿತ್ಯದ ನೆಪದಲ್ಲಲ್ಲ. ಶಿಕ್ಷಕರ ಒಂದು ಕಾರ್ಯಾಗಾರಕ್ಕೆ ಜಿಲ್ಲೆಯಿಂದ ನಮ್ಮಿಬ್ಬರನ್ನು ಕಳಿಸಿದ್ದರು. ಆಗ ಪೋಲೋ ಇದ್ದ. 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ ಬಂದ ಗೊರಿಲ್ಲಾ, ಇಡೀ ಭಾರತಕ್ಕೆ ಒಂದೇ ಒಂದು. ನಾವು ಹೋದಾಗ ಅವನು ಜನರಿಗೆ ಬೆನ್ನು ಮಾಡಿ ಕೂತಿದ್ದ. ಮಕ್ಕಳು ಕೂಗಿದರು, ತಿರುಗಲಿಲ್ಲ. ಅವನಿಗೊಂದು ಹೆಣ್ಣು ಹುಡುಕುತ್ತಿದ್ದಾರೆ, ಪರದೇಶದ ಝೂಗಳಿಗೆಲ್ಲ ಬರೆದಿದ್ದಾರೆ ಎಂದು ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತಿತ್ತು.

ಗಣಿತದ ಸರ್ ಅಲ್ಲಿಂದ ಕದಲಲಿಲ್ಲ. ಆ ಕಾಲದಲ್ಲಿ ಅವರ ಹೆಂಡತಿ ಬಳ್ಳಾರಿ ಕಡೆಯ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಇವರು ನಮ್ಮಲ್ಲಿ. ಒಂದು ಖೋಲಿ ಹಿಡಿದು ಸ್ಟೋವಿನ ಮೇಲೆ ಅನ್ನಕ್ಕಿಟ್ಟುಕೊಳ್ಳುತ್ತ ವರ್ಷಗಳನ್ನು ಕಳೆಯುತ್ತಿದ್ದರು. ಪ್ರತಿ ಬೇಸಿಗೆಯಲ್ಲಿ ವರ್ಗಾವಣೆಗೆ ಅರ್ಜಿ, ಪ್ರತಿ ಮಳೆಗಾಲದಲ್ಲಿ ಅದೇ ಖೋಲಿ. ಬಹಳ ಹೊತ್ತಿನ ಮೇಲೆ ಅವರು ಬಾಯಿಬಿಟ್ಟರು.

‘ಸರ, ಇಂವಂದೂ ಪತಿ-ಪತ್ನಿ ಕೇಸ್ ಐತ್ರಿ. ಕೌನ್ಸೆಲಿಂಗ್‌ದಾಗ ಹೆಸರು ಬಂದಿಲ್ಲ.’

ನಾನು ನಕ್ಕೆ. ಅವರೂ ನಕ್ಕರು. ಬಾಗಿಲು ಮುಚ್ಚುವ ವೇಳೆಯಾಯಿತೆಂದು ಕಾವಲುಗಾರ ಬಂದು ಹೇಳುವ ತನಕ ಅಲ್ಲಿಯೇ ಇದ್ದೆವು. ಮುಂದಿನ ವರ್ಷ ಅವರ ಹೆಂಡತಿಗೆ ನಮ್ಮ ತಾಲೂಕಿಗೇ ವರ್ಗವಾಯಿತು. ಖೋಲಿ ಬಿಟ್ಟು ಮನೆ ಮಾಡಿದರು, ಗೃಹಪ್ರವೇಶಕ್ಕೆ ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದೆವು. ಪೋಲೋನ ಅರ್ಜಿ ಮಾತ್ರ ಮಂಜೂರಾಗಲೇ ಇಲ್ಲ. 2014ರ ಮಾರ್ಚಿನಲ್ಲಿ ಅವನು ತೀರಿಕೊಂಡ ಸುದ್ದಿಯಿದ್ದ ಪತ್ರಿಕೆಯ ತುಂಡನ್ನು ಗಣಿತದ ಸರ್ ಕತ್ತರಿಸಿ, ವೇಳೆ ದರಗಳ ಪುಟ್ಟ ಪುಸ್ತಕದಲ್ಲಿ ಅಂಟಿಸಿದರು.

ಹೀಗಾಗಿ 2017ರ ನವೆಂಬರಿನಲ್ಲಿ 83ನೆಯ ಸಮ್ಮೇಳನ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ನಡೆದಾಗ ನಾವು ಝೂಗೆ ಹೋದದ್ದರಲ್ಲಿ ಒಂದು ಕರ್ತವ್ಯವೂ ಸೇರಿತ್ತು. ಅಧ್ಯಕ್ಷರು ಚಂದ್ರಶೇಖರ ಪಾಟೀಲರು, ನಮ್ಮ ಜಿಲ್ಲೆಯವರೇ. ‘ಚಂಪಾ ನಮ್ಮವರು, ಅವರ ಭಾಷಣ ಬಿಡೂ ಹಂಗಿಲ್ಲ’ ಎಂದು ತೀರ್ಮಾನಿಸಿದ್ದರಿಂದ ಝೂ ಎರಡನೆಯ ದಿನಕ್ಕೆ ಹೋಯಿತು.

ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ. ಸಮ್ಮೇಳನದ ಬ್ಯಾಗು ತೆರೆಯಬೇಕಾಯಿತು. ಹಿಂದಿ ಟೀಚರ ಬ್ಯಾಗಿನಿಂದ ಸ್ಮರಣ ಸಂಚಿಕೆಯ ಕೆಳಗೆ ಚಕ್ಕುಲಿ, ಕರ್ಚಿಕಾಯಿ, ಎರಡು ಬಗೆಯ ಚಟ್ನಿಪುಡಿ ಹೊರಬಂದವು. ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲಿ. ತಪಾಸಣೆಯ ಹೆಣ್ಣುಮಗಳು ಬ್ಯಾಡ್ಜು ನೋಡಿ, ‘ಸಮ್ಮೇಳನದವರಾ ಮೇಡಂ? ಬೆಳಿಗ್ಗೆಯಿಂದ ನಿಮ್ಮವರೇ ಬರ್ತಾ ಇದ್ದಾರೆ’ ಎಂದಳು. ಪಿ.ಟಿ. ಸರ್ ಮೆಲ್ಲಗೆ ಬ್ಯಾಡ್ಜು ಕಳಚಿ ಜೇಬಿಗೆ ಹಾಕಿಕೊಂಡರು. ಚಕ್ಕುಲಿಯನ್ನು ಕರಪತ್ರವೊಂದರಲ್ಲಿ ಸುತ್ತಿಕೊಂಡು ಒಳಗೆ ಹೋದೆವು. ಕರಪತ್ರ ಕನ್ನಡದ ಉಳಿವಿನ ಬಗ್ಗೆ ಇತ್ತು. ಕನ್ನಡ ಉಳಿಯಿತೋ ಗೊತ್ತಿಲ್ಲ, ಚಕ್ಕುಲಿ ಉಳಿಯಿತು.

ಜಿರಾಫೆಗಳ ಮುಂದೆ ನಿಂತಿದ್ದೇವೆ. ಪಕ್ಕದಲ್ಲಿ ಟೊಪ್ಪಿಗೆ ಹಾಕಿಕೊಂಡ ಒಬ್ಬರು ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಎತ್ತರ ತೋರಿಸುತ್ತಿದ್ದಾರೆ. ತಿರುಗಿದರು. ಶಿಕ್ಷಣ ಇಲಾಖೆಯ ನಮ್ಮ ಸಾಹೇಬರು! ಶಾಲೆ ತಪಾಸಣೆಗೆ ಬಂದರೆ ಹಾಜರಿ ಪುಸ್ತಕದ ಸಹಿಯ ಮಸಿ ಒಣಗಿದೆಯೋ ಎಂದು ಬೆರಳಿನಿಂದ ಒತ್ತಿ ನೋಡುವವರು. ನಾಲ್ವರೂ ಒಂದೇ ಉಸಿರಿಗೆ ನಮಸ್ಕಾರ ಮಾಡಿದೆವು.

‘ಏನ್ರೀ, ಗೋಷ್ಠಿ ಮುಗೀತೇನು?’

‘ಇಲ್ರೀ ಸರ, ಊಟದ ವಿರಾಮ ಐತ್ರಿ’ ಎಂದರು ಗಣಿತದ ಸರ್. ಗಂಟೆ ಹತ್ತೂ ಕಾಲು.

ಸಾಹೇಬರು ಗಡಿಯಾರ ನೋಡಿಕೊಂಡರು. ಜಿರಾಫೆಯನ್ನು ನೋಡಿದರು. ತಮ್ಮ ಕೊರಳಲ್ಲಿ ತೂಗುತ್ತಿದ್ದ ಬ್ಯಾಡ್ಜನ್ನೂ ನೋಡಿಕೊಂಡರು. ‘ಹೌದ್ಹೌದು, ನಮಗೂ ವಿರಾಮ. ಬರ್ರಿ ಇಲ್ಲೆ, ನಮ್ದೊಂದು ಫ್ಯಾಮಿಲಿ ಫೋಟೋ ಹೊಡೀರಿ’ ಎಂದರು. ಜಿರಾಫೆಯ ತಲೆಯೂ ಬರಬೇಕು, ಮೊಮ್ಮಗನೂ ಬರಬೇಕು, ಸಾಹೇಬರ ಹೊಟ್ಟೆ ಬರಬಾರದು. ಇಂಥ ಚಿತ್ರ ತೆಗೆಯುವುದಕ್ಕೆ ಪಿ.ಟಿ. ಸರ್ ನೆಲದ ಮೇಲೆ ಅಂಗಾತ ಮಲಗಬೇಕಾಯಿತು. ಆ ವರ್ಷ ನಮ್ಮ ಓಓಡಿ ಪತ್ರಗಳು ಒಂದು ಪ್ರಶ್ನೆಯೂ ಇಲ್ಲದೆ ಮಂಜೂರಾಗಿ ಬಂದವು.

ಹುಲಿ ಮಾತ್ರ ನಮ್ಮನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕ ತಿರುಗುವ ಹಾಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿತ್ತು. ಹಿಪ್ಪೊ ಬಾಯಿ ತೆರೆದಾಗ, ಜೀಬ್ರಾ ಕಿವಿ ಆಡಿಸಿದಾಗ, ಬಿಳಿ ನವಿಲು ಗರಿ ಬಿಚ್ಚಿ ಸುತ್ತ ಯಾರು ನೋಡುತ್ತಿದ್ದಾರೆಂದು ಪರೀಕ್ಷಿಸಿದಾಗ ನಮ್ಮ ತಂಡದಲ್ಲಿ ಹಿಂದಿನ ದಿನದ ವೇದಿಕೆಯ ಬಗ್ಗೆ ಕೆಲವು ಹೋಲಿಕೆಗಳು ಕೇಳಿಬಂದವು. ಅವನ್ನು ಬರೆದರೆ ಮುಂದಿನ ಸಮ್ಮೇಳನದಲ್ಲಿ ನನ್ನ ನೋಂದಣಿ ತೆಗೆದುಕೊಳ್ಳುವುದಿಲ್ಲ. ಸಾಹಿತ್ಯಕ್ಕೂ ಮೃಗಾಲಯಕ್ಕೂ ಸಂಬಂಧವಿದೆಯೆಂದು ವಾದಿಸಲು ನನ್ನ ಬಳಿ ಮರ್ಯಾದಸ್ಥ ಪುರಾವೆಯೇ ಇದೆ: 1955ರಲ್ಲಿ ಇದೇ ಮೈಸೂರಿನಲ್ಲಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಶಿವರಾಮ ಕಾರಂತರ ಹೆಸರು ಇವತ್ತು ಮಂಗಳೂರಿನ ಪಿಲಿಕುಳ ನಿಸರ್ಗಧಾಮದ ಬಾಗಿಲಿನಲ್ಲಿದೆ. ಒಳಗೆ ಹುಲಿ ಸಿಂಹಗಳಿವೆ. ಸಮ್ಮೇಳನದ ಅಧ್ಯಕ್ಷತೆಯಿಂದ ಝೂ ಗೇಟಿನವರೆಗೆ ದಾರಿ ಇದ್ದೇ ಇದೆ, ನಾವು ಸ್ವಲ್ಪ ಅವಸರದಿಂದ ನಡೆದೆವು, ಅಷ್ಟೇ.

ಪೋಲೋ ಇದ್ದ ಕಡೆಗೆ ಬಂದಾಗ ಗಣಿತದ ಸರ್ ಏನೂ ಹೇಳಲಿಲ್ಲ. ಹಿಂದಿ ಟೀಚರ್ ‘ಇಲ್ಲೇನೂ ಇಲ್ಲಲ್ರೀ’ ಎಂದರು. ‘ಇತ್ತು’ ಎಂದರು ಸರ್. ಮರುವರ್ಷ ಮೇ ತಿಂಗಳಿಗೆ ಅವರ ನಿವೃತ್ತಿ. ಅಲ್ಲಿ ನಿಂತು ಕರ್ಚಿಕಾಯಿ ತಿಂದೆವು.

ಎಲ್ಲ ಸಮ್ಮೇಳನಗಳಿಗೆ ಹೋಗಿ ತೋಟ ಝೂ ಸುತ್ತಿ ಬಂದವನಿಗೆ 2023ರ ಜನವರಿಯಲ್ಲಿ ತಕ್ಕ ಶಿಕ್ಷೆಯಾಯಿತು. 86ನೆಯ ಸಮ್ಮೇಳನ ಹಾವೇರಿಗೇ ಬಂತು. ನನಗೆ ಪ್ರತಿನಿಧಿಗಳ ವಸತಿಯ ಕೆಲಸ ಹಚ್ಚಿದರು. ಒಂದು ಕಲ್ಯಾಣ ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆ ಹಾಸಿಗೆ ದಿಂಬು ಎಣಿಸಿ ಕೊಡುವುದು. ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡ ಕೂಡಲೇ ಪ್ರತಿಯೊಬ್ಬರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮಂಡ್ಯದಿಂದ ಬಂದ ಮಾಸ್ತರರ ಗುಂಪಿನಲ್ಲಿ ಒಬ್ಬ ಹುಡುಗ ಪ್ರಾಯದವರು ಧ್ವನಿ ತಗ್ಗಿಸಿ ಕೇಳಿದರು: ‘ಸಾರ್, ಇಲ್ಲಿ ಸುತ್ತಮುತ್ತ ನೋಡಕ್ಕೆ ಏನೈತೆ?’

ನನ್ನ ಎದೆ ಉಬ್ಬಿತು, ಮರುಕ್ಷಣ ಕುಸಿಯಿತು. ಹಾವೇರಿಯಲ್ಲಿ ಲಾಲ್‌ಬಾಗಿಲ್ಲ, ಚಾಮರಾಜೇಂದ್ರರ ಝೂ ಇಲ್ಲ. ಆದರೆ ಬಾಯಿ ಸುಮ್ಮನಿರಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಬಂಕಾಪುರದ ಕೋಟೆಯ ನವಿಲುಧಾಮ, ಸವಣೂರಿನ ದೊಡ್ಡ ಹುಣಸೆ ಕಲ್ಮಠದ ಬಾವೋಬಾಬ್ ಮರಗಳು ಎಂದು ಒದರತೊಡಗಿದೆ. ನಮ್ಮಲ್ಲಿ ಪ್ರಾಣಿಗಳಿಗೆ ಬೇಲಿಯಿಲ್ಲ, ಬಂದರೆ ನೋಡುವುದು, ಬರದಿದ್ದರೆ ಹುಲ್ಲು ನೋಡುವುದು. ಗಣಿತದ ಸರ್ ಇದ್ದಿದ್ದರೆ ವೇಳೆ, ದರ, ಬಸ್ಸಿನ ವಿವರ ಎಲ್ಲ ಒಂದೇ ಉಸಿರಿಗೆ ಹೇಳುತ್ತಿ‌ದ್ದರು. ಅವರು ಅಷ್ಟೊತ್ತಿಗೆ ಮಗನ ಮನೆಯಲ್ಲಿ, ಪುಣೆಯಲ್ಲಿ. ಕೊನೆಗೆ ವಸತಿಯ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ ನಾನೇ ಮಂಡ್ಯದವರ ಟೆಂಪೋ ಹತ್ತಿದೆ.

ಬಂಕಾಪುರದಲ್ಲಿ ನವಿಲುಗಳು ಕೂಗಿದವೇ ಹೊರತು ಹೊರಗೆ ಬರಲಿಲ್ಲ. ಸವಣೂರಿನ ಮರಗಳು ಮಾತ್ರ ಎಲ್ಲಿಯೂ ಹೋಗುವಂತಿರಲಿಲ್ಲ. ಆಫ್ರಿಕಾ ಮೂಲದ ಆ ಮರಗಳು ಅಲ್ಲಿಗೆ ಹೇಗೆ ಬಂದವೆಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರ ಬಳಿ ಒಂದೊಂದು ಕಥೆ. ಕಾಂಡವನ್ನು ತಬ್ಬಲು ಮಂಡ್ಯದವರು ಕೈಗೆ ಕೈ ಕೊಟ್ಟು ನಿಂತರು, ಆರು ಜನ ಸಾಲಲಿಲ್ಲ, ನನ್ನನ್ನೂ ಕರೆದರು. ಆಮೇಲೆ ಟೆಂಪೋ ಡ್ರೈವರನನ್ನೂ ಕರೆದರು. ಆಗ ಮೂರೂ ಮರ ನೆಟ್ಟಗೆ ನಿಂತಿದ್ದವು. ಅದೇ ಜುಲೈ ಮಳೆಗೆ ಒಂದು ಉರುಳಿತು. ಕ್ರೇನ್ ತರಿಸಿ ಎತ್ತಿ ಮತ್ತೆ ನಿಲ್ಲಿಸಿದರು. ಸುದ್ದಿ ತಿಳಿದ ಮಂಡ್ಯದ ಮಾಸ್ತರರು ಫೋನು ಮಾಡಿ, ‘ಸಾರ್, ನಾವು ತಬ್ಬಿಕೊಂಡಿದ್ದು ಅದೇನಾ?’ ಎಂದು ಕೇಳಿದರು. ಅವರು ಹಾವೇರಿಯ ಯಾವ ಗೋಷ್ಠಿಯಲ್ಲಿ ಕೂತಿದ್ದರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ನಿವೃತ್ತಿಯೂ ಆಯಿತು. ನಿವೃತ್ತನಿಗೆ ಓಓಡಿ ಇಲ್ಲ. ಎಲ್ಲಿಗೆ ಬೇಕಾದರೂ, ಯಾವತ್ತು ಬೇಕಾದರೂ ಹೋಗಬಹುದು ಎಂಬ ಸ್ಥಿತಿ ಎಷ್ಟು ನೀರಸವಾದದ್ದೆಂದು ಅನುಭವಿಸಿದವರಿಗೇ ಗೊತ್ತು. ಪುಣೆಗೆ ಫೋನು ಮಾಡಿದರೆ ಗಣಿತದ ಸರ್ ಅವರದೂ ಅದೇ ರಾಗ. ಮಗನ ಮನೆಯಿಂದ ಕಾತ್ರಜದ ಝೂ ಹತ್ತು ನಿಮಿಷದ ದಾರಿ. ‘ಬುಧವಾರ ಬಂದ್ ಇರ್ತೈತ್ರಿ ಇಲ್ಲಿ’ ಎಂದು ಮೊದಲ ದಿನವೇ ತಿಳಿದುಕೊಂಡಿದ್ದರು. ಹೋಗಿದ್ದೀರಾ ಎಂದರೆ, ‘ಇಲ್ರೀ. ಸಮ್ಮೇಳನ ಇಲ್ದ ಝೂಕ್ ಹೆಂಗ್ ಹೋಗೂದು?’

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಬಿಟ್ಟು ಬರಲು ಒಂದು ಸಭೆ ಇಲ್ಲದಿದ್ದರೆ ಆನೆಯೂ ಅಷ್ಟೇ, ಅಂಜೂರದ ಗಿಡವೂ ಅಷ್ಟೇ. ದೂರದ ಪೆಂಡಾಲಿನ ಮೈಕಿನಲ್ಲಿ ಯಾರೋ ‘ಕೊನೆಯದಾಗಿ ಒಂದು ಮಾತು’ ಎನ್ನುತ್ತಿರಬೇಕು, ಅದು ಗಾಳಿಯಲ್ಲಿ ತೇಲಿ ಬರಬೇಕು, ಪಕ್ಕದಲ್ಲಿ ನಮ್ಮಷ್ಟೇ ತಪ್ಪಿತಸ್ಥರಾದ ಮೂವರಿರಬೇಕು. ಆಗ ಝೂ ಝೂ ಆಗುತ್ತದೆ.

2024ರ ಡಿಸೆಂಬರಿನಲ್ಲಿ ಮಂಡ್ಯದ ಸಮ್ಮೇಳನಕ್ಕೆ ನನ್ನ ಖರ್ಚಿನಲ್ಲೇ, ಒಬ್ಬನೇ ಹೋದೆ. ಹಿಂದಿ ಟೀಚರಿಗೆ ಮಗಳ ಬಾಣಂತನ, ಪಿ.ಟಿ. ಸರ್‌ಗೆ ಮೊಣಕಾಲು. ತಪ್ಪಿಸಿಕೊಳ್ಳಲು ಜೊತೆಯಿಲ್ಲದ್ದರಿಂದ ಗೋಷ್ಠಿಯಲ್ಲಿ ಕೂತೆ. ಪ್ರಬಂಧಗಳು ಚೆನ್ನಾಗಿದ್ದವು. ಒಂದೆರಡು ಮಾತು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೂಬಿಟ್ಟೆ. ಎರಡನೆಯ ದಿನ ಮಧ್ಯಾಹ್ನ ಹೆಗಲ ಮೇಲೊಂದು ಕೈ ಬಿತ್ತು. ಸವಣೂರಿನ ಮರ ತಬ್ಬಿದ ಅದೇ ಮಂಡ್ಯದ ಮಾಸ್ತರರು, ಎದೆಯ ಮೇಲೆ ಸ್ವಾಗತ ಸಮಿತಿಯ ಬ್ಯಾಡ್ಜು.

‘ಏನ್ ಸಾರ್, ಇಲ್ಲೇ ಕೂತ್ಬುಟ್ಟಿದ್ದೀರಾ? ಏಳಿ, ಗಾಡಿ ನಿಂತೈತೆ. ಮೈಸೂರ್ ಝೂಗೆ ಒಂದು ಗಂಟೆ ದಾರಿ.’

ಶ್ರೀರಂಗಪಟ್ಟಣ ದಾಟಿದ ಮೇಲೆ ಪುಣೆಗೆ ಫೋನು ಹಚ್ಚಿದೆ.

‘ಸರ, ಸಮ್ಮೇಳನಕ್ಕ ಬಂದೀನ್ರಿ.’

‘ಮತ್ತ ಮೈಕಿನ ಸಪ್ಪಳ ಕೇಳವಲ್ದು?’ ಎಂದರು. ಒಂದು ಕ್ಷಣ ಬಿಟ್ಟು ಅವರ ಧ್ವನಿ ಚುರುಕಾಯಿತು. ‘ಇವತ್ತ ಶನಿವಾರ. ಐದೂವರಿಗೆ ಮುಚ್ತಾರ. ಡ್ರೈವರಗ ಜಲ್ದಿ ಹೊಡಿ ಅನ್ರಿ.’

‘2021ರಾಗ ಜರ್ಮನಿಯಿಂದ ಎರಡು ಗೊರಿಲ್ಲಾ ಬಂದಾವಂತ್ರಿ ಸರ. ಥಾಬೋ, ಡೆಂಬಾ ಅಂತ.’

‘ಗಂಡ-ಹೆಂಡ್ತಿ ಏನು?’

‘ಇಲ್ರೀ, ಎರಡೂ ಗಂಡು.’

‘ಅಂದ್ರ ಒಂದ ಖೋಲ್ಯಾಗ ಇಬ್ಬರು ಮಾಸ್ತರು ಬಿಡ್ರಿ. ಅನ್ನಕ್ಕಿಡೂ ಪಾಳಿ ಇವತ್ತ ಯಾರ್ದಂತ, ಹೋಗಿ ಕೇಳ್ಕೊಂಡ ಬರ್ರಿ.’